ಇಂಗ್ಲೆಂಡಿನ ಬೇಸಿಗೆಯೂ ಗುಮಾಸ್ತನ ಸೈಕಲ್ಲೂ

ನಮ್ಮ ಅಕ್ಕನ ಮಗಳು ಮ್ಯಾಂಚೆಸ್ಟರಿನ ಒಂದು ಆಸ್ಪತ್ರೆಯಲ್ಲಿ ನರ್ಸು. 2023ರ ಜೂನ್ ತಿಂಗಳಲ್ಲಿ ಅವಳು ಯಾರೋ ಬಳಸಿ ಬಿಟ್ಟ ಒಂದು ಹಳೆಯ ಸೈಕಲ್ಲು ಕೊಂಡಳು. ಆ ಜೂನು ಬ್ರಿಟನ್ನಿನ ದಾಖಲೆಗಳಲ್ಲೇ ಅತ್ಯಂತ ಬಿಸಿಯಾದ ಜೂನು. ಆಕಾಶ ತಿಳಿಯಾಗಿತ್ತು, ಜುಲೈಯಲ್ಲಿ ಅವಳಿಗೆ ಒಂದು ವಾರದ ರಜೆ ಮಂಜೂರಾಗಿತ್ತು. ಸುತ್ತಲಿನ ಗುಡ್ಡ, ಕಾಲುವೆ, ಹಳ್ಳಿಗಳನ್ನೆಲ್ಲ ಸೈಕಲ್ಲಿನ ಮೇಲೆ ನೋಡಿಬರಬೇಕೆಂದು ನಕಾಶೆ ಹರಡಿಕೊಂಡು ಕೂತಿದ್ದಳು. ಜುಲೈ ಬಂತು, ಅದರ ಬೆನ್ನಿಗೇ ಮಳೆಯೂ ಬಂತು. ಗ್ರೇಟರ್ ಮ್ಯಾಂಚೆಸ್ಟರ್ ಪ್ರದೇಶಕ್ಕೆ ಅಷ್ಟು ಮಳೆಯ ಜುಲೈ ಅಲ್ಲಿಯವರೆಗಿನ ದಾಖಲೆಗಳಲ್ಲೇ ಇರಲಿಲ್ಲ.

"ಮಾಮಾ, ಇವರ ಬ್ಯಾಸಿಗಿ ಬರೇ ಕ್ಯಾಲೆಂಡರದಾಗ ಅದ ನೋಡ್ರಿ," ಎಂದಳು ಫೋನಿನಲ್ಲಿ. "ರಜಾ ಮುಗೀತು, ಮಳಿ ಮುಗೀಲಿಲ್ಲ."

ನಗುತ್ತಲೇ ಹೇಳಿದಳಾದರೂ ದನಿಯಲ್ಲಿ ನೋವಿತ್ತು. ಆ ಒಂದು ವಾರಕ್ಕಾಗಿ ಅವಳು ಎಷ್ಟೋ ರಾತ್ರಿಪಾಳಿಗಳನ್ನು ಇತರರಿಂದ ತಾನು ವಹಿಸಿಕೊಂಡಿದ್ದಳು. ರಜೆಯ ಬೆಲೆ ರಜೆಯ ಅರ್ಜಿ ಬರೆದವರಿಗೇ ಗೊತ್ತು. ಕೇಂದ್ರ ಸರಕಾರದ ಗುಮಾಸ್ತರಾದ ನಮಗೆ ಕ್ಯಾಜುಯಲ್ ಲೀವು ವರ್ಷಕ್ಕೆ ಎಂಟು. ಅದರಲ್ಲಿ ಮಕ್ಕಳ ಶಾಲೆಗೊಂದು, ಬ್ಯಾಂಕಿಗೊಂದು, ಜ್ವರಕ್ಕೆರಡು ಹೋದ ಮೇಲೆ ಉಳಿದದ್ದು ಊರಿನ ಪಾಲು. ಹೀಗಾಗಿ ಅವಳ ಮಾತು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿತು. ಇಂಥ ಬೇಸಿಗೆಗಳಲ್ಲಿ ಆ ಜನ ಹೇಗಪ್ಪಾ ಸೈಕಲ್ಲು ತುಳಿದರು ಎಂದು ರವಿವಾರಗಳಂದು ಸಿಕ್ಕಿದ್ದನ್ನೆಲ್ಲ ಓದತೊಡಗಿದೆವು. ನಾವು ಇಂಗ್ಲೆಂಡನ್ನು ಕಂಡವರಲ್ಲ. ನಮ್ಮಲ್ಲಿರುವುದು ಓದಿದ್ದು, ಮತ್ತು ಬಿ.ಎಸ್ಸಿ. ಕಾಲದ ಭೌತಶಾಸ್ತ್ರದಲ್ಲಿ ಮರೆಯದೆ ಉಳಿದ ಅಷ್ಟಿಷ್ಟು. ಓದುತ್ತ ಹೋದಂತೆ ತಿಳಿದ ಸಂಗತಿಯೇನೆಂದರೆ, ಅವಳ ದೂರು ನೂರೈವತ್ತು ವರ್ಷ ಹಳೆಯದು. ಹಾಗೆ ದೂರಿದವರಲ್ಲಿ ಬಹುಪಾಲು ನಮ್ಮ ಜಾತಿಯವರೇ. ಎಂದರೆ ಗುಮಾಸ್ತರು, ಅಂಗಡಿಯ ನೌಕರರು, ಗಿರಣಿಯವರು.

ಮೊದಲು ಮಳೆಯ ಲೆಕ್ಕ ನೋಡೋಣ. ಲಂಡನ್ನಿಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರು. ಬೆಂಗಳೂರಿಗೆ ಅದರ ಒಂದೂವರೆ ಪಟ್ಟು ಬೀಳುತ್ತದೆ. ಮಳೆಯೂರೆಂದೇ ಹೆಸರಾದ ಮ್ಯಾಂಚೆಸ್ಟರಿನದು 800ರ ಆಸುಪಾಸು, ಹೆಚ್ಚುಕಡಿಮೆ ನಮ್ಮ ಧಾರವಾಡದಷ್ಟೇ. ಆಗುಂಬೆಯವರು ಕೇಳಿದರೆ ನಕ್ಕಾರು. ಆದರೆ ನಮ್ಮ ಮಳೆಗೆ ಒಂದು ನಿಯಮವಿದೆ. ಮಿರುಗ ಹುಟ್ಟಿತೆಂದರೆ ಬರುತ್ತದೆ, ಹಸ್ತ ಚಿತ್ತೆ ಕಳೆದರೆ ಹೋಗುತ್ತದೆ. ಮದುವೆ ಮುಂಜಿಗಳನ್ನು ಅದರ ಆಚೀಚೆ ಇಟ್ಟುಕೊಳ್ಳಬಹುದು. ಅವರಿಗೆ ಮಳೆಗಾಲವೆಂಬ ಕಾಲವೇ ಇಲ್ಲ. ಅಷ್ಟೇ ನೀರು ವರ್ಷದುದ್ದಕ್ಕೂ ತುಂತುರು ತುಂತುರಾಗಿ ಹಂಚಿಹೋಗಿದೆ. ಅಟ್ಲಾಂಟಿಕ್ ಸಾಗರದ ಮೇಲೆ ಹುಟ್ಟಿದ ವಾಯುಭಾರ ಕುಸಿತಗಳು ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತವೆ. ಅವುಗಳ ದಾರಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಹತ್ತು ಕಿಲೋಮೀಟರು ಎತ್ತರದಲ್ಲಿ ಹರಿಯುವ ಜೆಟ್ ಗಾಳಿ. ಒಳ್ಳೆಯ ಬೇಸಿಗೆಯಲ್ಲಿ ಆ ಗಾಳಿ ದ್ವೀಪದ ಉತ್ತರಕ್ಕೆ ಸರಿದಿರುತ್ತದೆ. ಕೆಟ್ಟ ವರ್ಷ ದಕ್ಷಿಣಕ್ಕೆ ಇಳಿದು ಅಲ್ಲಿಯೇ ಬೀಡುಬಿಡುತ್ತದೆ. ಆಗ ಕುಸಿತಗಳು ನಮ್ಮ ಸೆಕ್ಷನ್ನಿಗೆ ಬರುವ ಕಡತಗಳ ಹಾಗೆ ಒಂದರ ಬೆನ್ನಿಗೆ ಒಂದು ಬರುತ್ತಲೇ ಇರುತ್ತವೆ. ಜುಲೈ 15, ಸಂತ ಸ್ವಿದಿನ್ನನ ದಿನ, ಮಳೆಯಾದರೆ ಮುಂದೆ ನಲವತ್ತು ದಿನ ಮಳೆಯೆಂದು ಅವರಲ್ಲಿ ಒಂದು ನಂಬಿಕೆಯುಂಟು. ನಮ್ಮ ಪಂಚಾಂಗದಲ್ಲಿ ಅದು ಪುನರ್ವಸು ಮಳೆಯ ಕಾಲ. ಒಂದೇ ವಾರ ನಮ್ಮ ರೈತ ಮಳೆ ಬರಲೆಂದು, ಅವರ ಗುಮಾಸ್ತ ಬಾರದಿರಲೆಂದು ಮುಗಿಲು ನೋಡುತ್ತಿದ್ದರು!

ಗುಮಾಸ್ತನೇ ಏಕೆ ಎಂದು ಕೇಳಬಹುದು. ಶ್ರೀಮಂತನಿಗೆ ಮಳೆ ಒಂದು ಸಂಕಟವೇ ಅಲ್ಲ. ಇಂದು ಮಳೆಯಾದರೆ ನಾಳೆ ಹೊರಟಾನು, ಇಡೀ ತಿಂಗಳು ಮಳೆಯಾದರೆ ಫ್ರಾನ್ಸಿಗೆ ಹೋದಾನು. ದಿನ ನಿಗದಿಯಾದವನಿಗೆ ಮಾತ್ರ ಮಳೆ ಶತ್ರು. ಆ ದಿನವನ್ನು ನಿಗದಿ ಮಾಡಿದ್ದು 1871ರ ಬ್ಯಾಂಕ್ ರಜೆಗಳ ಕಾಯಿದೆ. ಅದನ್ನು ತಂದವರು ಸರ್ ಜಾನ್ ಲಬ್ಬಕ್, ಸ್ವತಃ ಬ್ಯಾಂಕಿನ ಮಾಲೀಕರು, ಇರುವೆ ಜೇನುಗಳ ಜೀವನ ಅಭ್ಯಸಿಸಿದ ವಿಜ್ಞಾನಿಯೂ ಹೌದು. ಇಂಗ್ಲೆಂಡಿಗೆ ಆ ಕಾಯಿದೆ ಕೊಟ್ಟ ದಿನಗಳು ನಾಲ್ಕು. ಬೇಸಿಗೆಯ ನಡುವೆ ಬಂದದ್ದು ಒಂದೇ, ಆಗಸ್ಟ್ ತಿಂಗಳ ಮೊದಲನೆಯ ಸೋಮವಾರ. ಕಚೇರಿಯವರಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಅವರ ಕಾಯಿದೆಯಂತೆ ಆ ದಿನ ತುಂಬುವ ಹುಂಡಿಯ ಹಣವನ್ನು ಮರುದಿನ ಕೊಡಬೇಕು. ಹತ್ತು ವರ್ಷಗಳ ಮೇಲೆ ನಮ್ಮಲ್ಲಿ ಬಂದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 25ನೆಯ ಕಲಮಿನಂತೆ ರಜೆಯ ದಿನ ಬಂದರೆ ಹಿಂದಿನ ಕೆಲಸದ ದಿನವೇ ಕೊಡಬೇಕು. ಸಾಲಗಾರನ ಮೇಲೆ ಕರುಣೆ ಯಾರಿಗೆ ಹೆಚ್ಚು ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಸೈಕಲ್ಲಿನ ಹುಟ್ಟಿಗೇ ಒಂದು ಕೆಟ್ಟ ಬೇಸಿಗೆಯನ್ನು ಕಾರಣವಾಗಿ ಹೇಳುವವರಿದ್ದಾರೆ. 1815ರಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿದು, 1816ರಲ್ಲಿ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಮಧ್ಯ ಇಂಗ್ಲೆಂಡಿನ ಉಷ್ಣಮಾನದ ದಾಖಲೆ 1659ರಿಂದ ಇದೆ. ಅದರಲ್ಲಿ 1816ರ ಜುಲೈಯಷ್ಟು ತಣ್ಣನೆಯ ಜುಲೈ ಮತ್ತೊಂದಿಲ್ಲ. ಓಟ್ಸ್ ಧಾನ್ಯ ದುಬಾರಿಯಾಗಿ ಕುದುರೆ ಸಾಕುವುದು ಕಷ್ಟವಾದುದರಿಂದಲೇ ಕಾರ್ಲ್ ಡ್ರೈಸ್ 1817ರಲ್ಲಿ ಮನ್‌ಹೈಮ್ ನಗರದಲ್ಲಿ ತನ್ನ ಎರಡು ಚಕ್ರದ ಓಟದ ಯಂತ್ರವನ್ನು ಮಾಡಿದನೆಂದು ಒಬ್ಬ ಜರ್ಮನ್ ಇತಿಹಾಸಕಾರರ ಊಹೆ. ಕೇಳಲು ಚೆನ್ನಾಗಿದೆ, ಆದರೆ ಎಲ್ಲರೂ ಒಪ್ಪಿದ್ದಲ್ಲ. ನಮಗೂ ಅದು ಕಥೆಗೆ ತಕ್ಕಂತೆ ಹೊಲಿದ ಅಂಗಿಯಂತೆ ತೋರುತ್ತದೆ. ಅದು ಹೇಗೂ ಇರಲಿ, ಪೆಡಲ್ಲಿಲ್ಲದ ಆ ಯಂತ್ರ 1819ರಲ್ಲಿ ಲಂಡನ್ನಿನ ಷೋಕಿಲಾಲರಿಗೆ ಒಂದು ವರ್ಷದ ಹುಚ್ಚಾಗಿ ಬಂದು ಹೋಯಿತು. ಗುಮಾಸ್ತನ ಕಥೆ ಶುರುವಾಗುವುದು ಇನ್ನೂ ಅರುವತ್ತು ವರ್ಷಗಳ ಮೇಲೆ.

1878ರ ಆಗಸ್ಟ್ 5ರಂದು ಯಾರ್ಕ್‌ಷೈರಿನ ಹ್ಯಾರೊಗೇಟ್ ಎಂಬ ಊರಲ್ಲಿ ಸ್ಟ್ಯಾನ್ಲಿ ಕಾಟರೆಲ್ ಎಂಬ ತರುಣನ ಮುಂದಾಳುತನದಲ್ಲಿ ಬೈಸಿಕಲ್ ಟೂರಿಂಗ್ ಕ್ಲಬ್ಬು ಹುಟ್ಟಿತು. ಅದು ಯಾವ ವಾರವೆಂದು ನಾವು ಲೆಕ್ಕ ಹಾಕಿ ನೋಡಿದೆವು. ಸೋಮವಾರ! ಅದೇ ಬ್ಯಾಂಕ್ ರಜೆಯ ಸೋಮವಾರ. ಬೇರೆ ದಿನ ಸೇರಲು ಆ ಹುಡುಗರಿಗೆ ಬಿಡುವಾದರೂ ಎಲ್ಲಿತ್ತು? 1883ರಲ್ಲಿ ಅದರ ಹೆಸರು ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದಾಯಿತು.

ಕ್ಲಬ್ಬು ಹುಟ್ಟಿದ ಮರುವರ್ಷವೇ 1879. ಇಂಗ್ಲೆಂಡಿನ ರೈತಾಪಿ ಚರಿತ್ರೆಯಲ್ಲಿ ಅದೊಂದು ಕರಾಳ ವರ್ಷ. ಬೇಸಿಗೆಯೆಲ್ಲ ಸುರಿದು ಪೈರು ಹೊಲದಲ್ಲೇ ಕೊಳೆಯಿತು, ಒದ್ದೆ ಹುಲ್ಲು ಮೇದ ಕುರಿಗಳು ಯಕೃತ್ತಿನ ರೋಗದಿಂದ ಲಕ್ಷಗಟ್ಟಲೆ ಸತ್ತವು. ಅಮೆರಿಕದ ಅಗ್ಗದ ಗೋದಿ ಬಂದು ಉಳಿದದ್ದನ್ನೂ ಮುಗಿಸಿತು. ಅದರ ಮುಂದೆ ಸೈಕಲ್ಲಿನವರ ನಿರಾಸೆ ಎಷ್ಟರದು ಎನ್ನಿ. ಆದರೂ ಆಗಿನ ಸೈಕಲ್ಲನ್ನು ನೆನೆಯಬೇಕು: ಮುಂದೆ ಆಳೆತ್ತರದ ಚಕ್ರ, ಹಿಂದೆ ತಟ್ಟೆಯಷ್ಟು ಚಕ್ರ, ಗಟ್ಟಿ ರಬ್ಬರಿನ ಪಟ್ಟಿ, ಕೂಡುವುದು ಕುದುರೆಗಿಂತ ಎತ್ತರದಲ್ಲಿ. ರಸ್ತೆಗಳೋ, ಜಲ್ಲಿಯನ್ನು ಕಲ್ಲಿನ ಪುಡಿ ಮತ್ತು ನೀರಿನಿಂದ ಬಂಧಿಸಿದ ಮ್ಯಾಕಡಂ ರಸ್ತೆಗಳು. ಬಿಸಿಲಿಗೆ ಧೂಳು, ಮಳೆಗೆ ಗಂಜಿ, ಆ ಗಂಜಿಯಲ್ಲಿ ಸಾವಿರಾರು ಕುದುರೆಗಳ ಲದ್ದಿ. ಇಂಥದರಲ್ಲಿ ಮೈಯೆಲ್ಲ ಕೆಸರಾಗಿ ಸಂಜೆ ವಸತಿಗೃಹದ ಬಾಗಿಲು ತಟ್ಟಿದವನನ್ನು ಒಳಗೆ ಬಾ ಎನ್ನುವವರು ಯಾರು? ಕ್ಲಬ್ಬು ಮಾಡಿದ ದೊಡ್ಡ ಕೆಲಸವೆಂದರೆ ಊರೂರಿನ ವಸತಿಗೃಹಗಳೊಡನೆ ಮಾತಾಡಿ ದರ ಗೊತ್ತುಮಾಡಿದ್ದು. ಬಾಗಿಲ ಮೇಲೆ ರೆಕ್ಕೆಯ ಚಕ್ರದ ಗುರುತಿದ್ದರೆ ಒದ್ದೆಯಾದವನೂ ಧೈರ್ಯವಾಗಿ ಒಳಗೆ ಹೋಗಬಹುದಿತ್ತು. ಉಡುಪಿಗೂ ಒಂದು ನಿಯಮ ಬಂತು, ಬೂದುಬಣ್ಣದ ಉಣ್ಣೆ ಬಟ್ಟೆ. ಬೇಸಿಗೆಯಲ್ಲಿ ಉಣ್ಣೆಯೇ ಎಂದು ನಗಬೇಡಿರಿ. ಉಣ್ಣೆಯ ಎಳೆ ಸುರುಳಿ ಸುರುಳಿಯಾದುದರಿಂದ ನೆನೆದರೂ ನಡುವೆ ಗಾಳಿ ಹಿಡಿದಿಟ್ಟುಕೊಂಡು ಮೈಯನ್ನು ಬೆಚ್ಚಗಿಡುತ್ತದೆ. ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿಯುವ ನಮ್ಮ ರೈತ ಯಾವ ಕ್ಲಬ್ಬಿನ ಸದಸ್ಯನೂ ಆಗದೆ ಅದನ್ನು ತಿಳಿದಿದ್ದ.

ಮುಂದಿನ ನೆನಪಿಡತಕ್ಕ ಕೆಟ್ಟ ಬೇಸಿಗೆ 1888ರದು. ಆ ಜುಲೈ ಎಷ್ಟು ತಣ್ಣಗಿತ್ತೆಂದರೆ ತಿಂಗಳ ನಡುವೆ ಇಂಗ್ಲೆಂಡಿನ ಕೆಲವೆಡೆ ಹಿಮ ಬಿತ್ತು. ಅದೇ ಜುಲೈ 23ರಂದು, ಬೆಲ್‌ಫಾಸ್ಟಿನಲ್ಲಿ ನೆಲೆಸಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬ ಸ್ಕಾಟಿಷ್ ಪಶುವೈದ್ಯ ತನ್ನ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಅರ್ಜಿ ಹಾಕಿದ. ಮಗನ ಮೂರು ಚಕ್ರದ ಸೈಕಲ್ಲು ಕಲ್ಲುರಸ್ತೆಯಲ್ಲಿ ಕುಲುಕುವುದನ್ನು ನೋಡಲಾರದೆ ಮಾಡಿದ ಉಪಾಯವದು. 1845ರಲ್ಲೇ ರಾಬರ್ಟ್ ಥಾಮ್ಸನ್ ಎಂಬವರು ಇಂಥದೇ ಪೇಟೆಂಟ್ ಪಡೆದಿದ್ದರೆಂದು ತಿಳಿದು ಡನ್‌ಲಪ್ಪನ ಹಕ್ಕು ಬಿದ್ದುಹೋದದ್ದು ಬೇರೆ ಮಾತು. 1889ರ ಮೇ ತಿಂಗಳಲ್ಲಿ ಬೆಲ್‌ಫಾಸ್ಟಿನ ಪಂದ್ಯಗಳಲ್ಲಿ ವಿಲಿಯಂ ಹ್ಯೂಮ್ ಆ ದಪ್ಪ ಟಯರುಗಳ ಮೇಲೆ ಗೆದ್ದ ಮೇಲೆ ನಕ್ಕವರೆಲ್ಲ ಸುಮ್ಮನಾದರು. ಅಷ್ಟರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ 1885ರ ರೋವರ್ ಸೈಕಲ್ಲಿನಿಂದಾಗಿ ಚಕ್ರಗಳೆರಡೂ ಸಮವಾಗಿ, ಸರಪಳಿ ಹಿಂದಿನ ಚಕ್ರಕ್ಕೆ ಬಂದಿತ್ತು. ಸವಾರ ನೆಲಕ್ಕೆ ಹತ್ತಿರವಾದ, ಕೆಸರಿಗೂ ಹತ್ತಿರವಾದ. ಗಾಳಿಯ ಟಯರು ಒದ್ದೆ ಕೆಸರಿನಲ್ಲಿ ಪಕ್ಕಕ್ಕೆ ಜಾರುವುದು ಆ ಕಾಲದ ಸವಾರರ ದೊಡ್ಡ ಭಯ. ಸರಪಳಿಗೋ, ಎಣ್ಣೆಯ ಜೊತೆಗೆ ಕಲ್ಲಿನ ಪುಡಿ ಸೇರಿ ಅರೆಯುವ ಕಲ್ಲಿನಂತಾಗಿ ಕೊಂಡಿಗಳು ಸವೆದುಹೋಗುತ್ತಿದ್ದವು.

ನಾವು ಚಿಕ್ಕಂದಿನಿಂದ ನೋಡಿದ ಕರಿಯ ಸೈಕಲ್ಲು ರೂಪುಗೊಂಡದ್ದು ಈ ಕೆಸರಿನಲ್ಲಿ. ಎರಡೂ ಚಕ್ರಗಳಿಗೆ ಉದ್ದನೆಯ ಮಡ್‌ಗಾರ್ಡು. ಸರಪಳಿಯನ್ನು ಪೂರ್ತಿ ಮುಚ್ಚುವ ಚೈನ್‌ಕವರು. ತುಕ್ಕು ಹಿಡಿಯದಂತೆ ಬೇಯಿಸಿ ಹಚ್ಚಿದ ಕರಿಯ ಎನಾಮಲ್ ಬಣ್ಣ. ವೂಲ್ವರ್‌ಹ್ಯಾಂಪ್ಟನ್ನಿನ ಜಾನ್ ಮಾರ್ಸ್ಟನ್ ಮೊದಲು ತಗಡಿನ ತಟ್ಟೆ ಡಬ್ಬಿಗಳಿಗೆ ಕರಿಯ ಮೆರುಗು ಕೊಡುವ ಕಾರ್ಖಾನೆಯವನು. 1887ರಲ್ಲಿ ಸೈಕಲ್ಲು ಮಾಡತೊಡಗಿ ಅದಕ್ಕೆ ಸನ್‌ಬೀಮ್, ಎಂದರೆ ಬಿಸಿಲಕೋಲು, ಎಂದು ಹೆಸರಿಟ್ಟ. ಹೆಸರು ಬಿಸಿಲಿನದು, ಕೀರ್ತಿ ಮಾತ್ರ ಮಳೆಯಿಂದ ಬಂದದ್ದು. ಅದರ ಚೈನ್‌ಕವರಿನ ಒಳಗೇ ಪುಟ್ಟ ಎಣ್ಣೆಯ ತೊಟ್ಟಿಯಿದ್ದು ಸರಪಳಿ ಸದಾ ಎಣ್ಣೆಯಲ್ಲಿ ಮೀಯುತ್ತಿತ್ತು, ಹೊರಗಿನ ಕೆಸರು ಸೋಕುತ್ತಲೇ ಇರಲಿಲ್ಲ. ಪ್ರಸಿದ್ಧ ಸಂಗೀತ ರಚನೆಕಾರ ಎಡ್ವರ್ಡ್ ಎಲ್ಗರ್ 1900ರಲ್ಲಿ ಒಂದು ಸನ್‌ಬೀಮ್ ಕೊಂಡು ಮಾಲ್ವರ್ನ್ ಬೆಟ್ಟಗಳ ಸುತ್ತ ತಿರುಗುತ್ತಿದ್ದ. ತನ್ನ ಸೈಕಲ್ಲನ್ನು ಅವನು ಕರೆಯುತ್ತಿದ್ದುದು ಮಿಸ್ಟರ್ ಫೀಬಸ್, ಅಂದರೆ ಸೂರ್ಯದೇವ ಎಂದು. ಇಂಗ್ಲೆಂಡಿನಲ್ಲಿ ಸೂರ್ಯನ ಹೆಸರನ್ನು ಇಟ್ಟುಕೊಳ್ಳುವವರಿಗೆ ಹಾಸ್ಯಪ್ರಜ್ಞೆ ಇರಲೇಬೇಕು. 1903ರ ಹೊತ್ತಿಗೆ ನಾಟಿಂಗ್‌ಹ್ಯಾಮಿನ ರ‍್ಯಾಲಿಯವರು ಸ್ಟರ್ಮಿ-ಆರ್ಚರ್ ಮೂರು ವೇಗದ ಗೇರನ್ನು ಪೇಟೆಗೆ ತಂದರು. ಗೇರೆಲ್ಲ ಚಕ್ರದ ಗುಂಭದೊಳಗೇ ಅಡಗಿದ್ದು, ಅದಕ್ಕೂ ಕೆಸರಿನ ಭಯವಿಲ್ಲ. ಹೊರಗೆ ತೆರೆದುಕೊಂಡಿರುವ ಫ್ರೆಂಚರ ಗೇರು ಅಲ್ಲಿನ ಸಾಮಾನ್ಯ ಸವಾರನಿಗೆ ಹಿಡಿಸಲು ಬಹುಕಾಲ ಬೇಕಾಯಿತು.

ಕೊಡೆ ಹಿಡಿದು ಸೈಕಲ್ಲು ನಡೆಸುವ ವಿದ್ಯೆ ನಮ್ಮ ಹಳ್ಳಿಯ ಮಾಸ್ತರರಿಗೆ ಸಿದ್ಧಿಸಿತ್ತು. ಇಂಗ್ಲಿಷರ ಉಪಾಯ ಕೇಪು. ಕುತ್ತಿಗೆಯಿಂದ ಹ್ಯಾಂಡಲ್ಲಿನವರೆಗೆ ಗುಡಾರದಂತೆ ಹರಡುವ ಮೇಲುಹೊದಿಕೆ. ಎರಡು ಬಟ್ಟೆಗಳ ನಡುವೆ ರಬ್ಬರು ಸವರಿ ನೀರು ಇಳಿಯದಂತೆ ಮಾಡುವ ಪೇಟೆಂಟನ್ನು ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಪಡೆದಿದ್ದ. ಅದರ ಕಾರ್ಖಾನೆ ಇದ್ದದ್ದು ನಮ್ಮ ಹುಡುಗಿಯ ಮ್ಯಾಂಚೆಸ್ಟರಿನಲ್ಲೇ. ಆದರೆ ರಬ್ಬರಿನ ಗುಣ ನೋಡಿ: ಹೊರಗಿನ ನೀರನ್ನು ಒಳಗೆ ಬಿಡದು, ಒಳಗಿನ ಆವಿಯನ್ನು ಹೊರಗೆ ಬಿಡದು. ದಿಬ್ಬ ಹತ್ತುವಾಗ ಬೆವರಿನಿಂದ ನೆನೆಯಬೇಕೋ ಮಳೆಯಿಂದ ನೆನೆಯಬೇಕೋ ಎಂಬುದಷ್ಟೇ ಸವಾರನಿಗೆ ಉಳಿದ ಆಯ್ಕೆ. ಗಾಳಿ ಎದುರಾದರಂತೂ ಆ ಕೇಪು ಹಡಗಿನ ಹಾಯಿಯೇ ಸರಿ. ಹೆಂಗಸರ ಪಾಡು ಇನ್ನೂ ಕಷ್ಟದ್ದು. ನೆಲ ಗುಡಿಸುವ ಲಂಗ ಕೆಸರಿನಲ್ಲಿ ನೆನೆದು ಭಾರವಾಗಿ ಪೆಡಲ್ಲಿಗೆ ಸುತ್ತಿಕೊಳ್ಳುತ್ತಿತ್ತು. ಅದನ್ನು ಬಿಟ್ಟು ಅಗಲವಾದ ಚಣ್ಣ ಧರಿಸಿದರೆ ಮರ್ಯಾದೆಯ ಪ್ರಶ್ನೆ. 1898ರ ಅಕ್ಟೋಬರಿನಲ್ಲಿ ಲೇಡಿ ಹಾರ್ಬರ್ಟನ್ ಎಂಬ ಹಿರಿಯ ಮಹಿಳೆಯನ್ನು, ಅಂಥ ಉಡುಪಿನಲ್ಲಿ ಬಂದರೆಂದು, ಸರ್ರೆ ಪ್ರಾಂತದ ಒಂದು ಹೋಟೆಲಿನಲ್ಲಿ ಕಾಫಿಯ ಕೋಣೆಗೆ ಬಿಡಲಿಲ್ಲ. ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ಬು ಅವರ ಪರವಾಗಿ ಮೊಕದ್ದಮೆ ಹೂಡಿ 1899ರಲ್ಲಿ ಸೋತಿತು. ಸೋತರೇನು, ಹೂಡಿತಲ್ಲ!

ಈಗ ಮತ್ತೆ ನಮ್ಮ ಗುಮಾಸ್ತನ ಕಡೆಗೆ. 1890ರ ದಶಕದ ನಡುವಿನಲ್ಲಿ ಸೈಕಲ್ಲಿನ ಹುಚ್ಚು ದೇಶವನ್ನೆಲ್ಲ ಹಿಡಿದಾಗ ಎಚ್. ಜಿ. ವೆಲ್ಸ್ ಒಂದು ಕಾದಂಬರಿ ಬರೆದರು. 1896ರ ಆ ಕಾದಂಬರಿಯ ನಾಯಕ ಹೂಪ್‌ಡ್ರೈವರ್ ಒಂದು ಜವಳಿ ಅಂಗಡಿಯ ನೌಕರ. ವರ್ಷಕ್ಕೆ ಹತ್ತೇ ದಿನ ರಜೆ, ಒಂದು ಹಳೆಯ ಸೈಕಲ್ಲು, ಕಾಲತುಂಬ ಬಿದ್ದ ಗಾಯಗಳು. ವೆಲ್ಸ್ ಅವರೂ ಹುಡುಗತನದಲ್ಲಿ ಜವಳಿ ಅಂಗಡಿಯಲ್ಲಿ ದುಡಿದವರಾದ್ದರಿಂದ ಆ ಹತ್ತು ದಿನಗಳನ್ನು ಒಂದೊಂದಾಗಿ ಎಣಿಸಿ ಬರೆದಿದ್ದಾರೆ. ಓದುವಾಗ ನಮಗೂ ಎಣಿಸುವ ಚಾಳಿ ಅಂಟಿಕೊಂಡಿತು.

ಕಾದಂಬರಿಯ ಹೊರಗಿನ ಹೂಪ್‌ಡ್ರೈವರುಗಳು ಒಬ್ಬೊಬ್ಬರೇ ಇರಲಿಲ್ಲ. ರಾಬರ್ಟ್ ಬ್ಲ್ಯಾಚ್‌ಫರ್ಡ್ 1891ರಲ್ಲಿ ಮ್ಯಾಂಚೆಸ್ಟರಿನಿಂದ ಕ್ಲಾರಿಯನ್ ಎಂಬ ಸಮಾಜವಾದಿ ವಾರಪತ್ರಿಕೆ ಆರಂಭಿಸಿದ್ದರು. ಅದರ ಓದುಗರು ಕೆಲವರು 1894ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಸೇರಿ ಸೈಕಲ್ಲು ಸಂಘ ಕಟ್ಟಿದರು. ಊರೂರಿಗೆ ಅದರ ಶಾಖೆಗಳಾದವು. ರವಿವಾರ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಹೋಗಿ ಕರಪತ್ರ ಹಂಚುವುದು, ಭಾಷಣ ಮಾಡುವುದು, ಚಹ ಕುಡಿದು ಹಾಡಿ ಮರಳುವುದು. ಮಳೆ ಬಂದರೆ ಕೂಡಲು ಒಂದು ಸೂರು ಬೇಕಲ್ಲ? ಅದಕ್ಕಾಗಿ ಅಲ್ಲಲ್ಲಿ ಕ್ಲಾರಿಯನ್ ಮನೆಗಳು ಎದ್ದವು. ಲ್ಯಾಂಕಾಷೈರಿನ ನೆಲ್ಸನ್ ಪಟ್ಟಣದ ಗಿರಣಿಯ ಜನ ಪೆಂಡಲ್ ಬೆಟ್ಟದ ಬುಡದಲ್ಲಿ ಅಂಥದೊಂದು ಮನೆ ಕಟ್ಟಿದ್ದು 1912ರಲ್ಲಿ.

ಆ 1912 ಎಂಥ ವರ್ಷವೆಂದರೆ, ಅದರ ಆಗಸ್ಟಿನಷ್ಟು ತಣ್ಣನೆಯ ಆಗಸ್ಟು 1659ರಿಂದ ಈಚೆಗೆ ಮಧ್ಯ ಇಂಗ್ಲೆಂಡಿನ ದಾಖಲೆಯಲ್ಲಿ ಇನ್ನೊಂದಿಲ್ಲ. ತಿಂಗಳ ಸರಾಸರಿ 13 ಡಿಗ್ರಿಯನ್ನೂ ಮುಟ್ಟಲಿಲ್ಲ. ನಮ್ಮ ಪುಣೆಯ ಜನವರಿಯ ಬೆಳಗಿನ ಚಳಿಯೆಂದು ತಿಳಿಯಿರಿ. ಮಳೆಯಂತೂ ಬೇಸಿಗೆಯುದ್ದಕ್ಕೂ ಬಿಡಲಿಲ್ಲ. ಆಗಸ್ಟ್ 26ರ ಮಳೆಗೆ ನಾರಿಚ್ ನಗರ ಮುಳುಗಿ, ನಾರ್‌ಫಕ್ ಪ್ರಾಂತದ ಸೇತುವೆಗಳು ಕೊಚ್ಚಿಹೋದವು. ಅಂದು ಹಾಗೆ ನೆನೆದು ಕಳೆದುಹೋದ ಸೋಮವಾರ, ರವಿವಾರಗಳಿಗೆ ಯಾರೂ ಬದಲಿ ರಜೆ ಕೊಡಲಿಲ್ಲ. ದುಡಿಯುವವರಿಗೆ ಸಂಬಳಸಹಿತ ಒಂದು ವಾರದ ರಜೆಗೆ ದಾರಿಮಾಡಿದ ಕಾಯಿದೆ ಬಂದದ್ದು 1938ರಲ್ಲಿ. ಆ ಮೊದಲು ರಜೆ ಎಂದರೆ ಬಹಳ ಮಂದಿಗೆ ಕೂಲಿ ಹೋದ ದಿನ. ಮಳೆಯೂ ಬಂತೆಂದರೆ ಎರಡೂ ಹೋದಂತೆ.

ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ವೇಫೇರರ್ ಎಂಬ ಕಾವ್ಯನಾಮದ ಡಬ್ಲ್ಯೂ. ಎಂ. ರಾಬಿನ್ಸನ್ ಊರೂರಿಗೆ ಹೋಗಿ ಮಾಯಾದೀಪದ ಚಿತ್ರಗಳನ್ನು ತೋರಿಸುತ್ತ, ಮಳೆಯಿರಲಿ ಹಿಮವಿರಲಿ ಹೊರಗೆ ಬನ್ನಿರೆಂದು ಉಪನ್ಯಾಸ ಕೊಡುತ್ತಿದ್ದರು. 1919ರ ಮಾರ್ಚಿಯಲ್ಲಿ ಅವರೇ ವೇಲ್ಸ್‌ನ ಬೆರ್ವಿನ್ ಬೆಟ್ಟಗಳನ್ನು ಹಿಮದಲ್ಲಿ ಸೈಕಲ್ಲು ಹೊತ್ತು ದಾಟಿದವರು. ಅವರ ಉಪನ್ಯಾಸಕ್ಕೆ ಸಭಾಂಗಣಗಳು ತುಂಬುತ್ತಿದ್ದವು. 1930ರ ದಶಕದ ಹೊತ್ತಿಗೆ ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಿಸ್ ಸೈಕಲ್ಲು ಸುಮಾರು ನಾಲ್ಕು ಪೌಂಡಿಗೆ ಸಿಗುತ್ತಿತ್ತು. ಹತ್ತಿಪ್ಪತ್ತು ಪೌಂಡಿನ ಹಳೆಯ ಕಾಲ ಹೋಗಿ ಗಿರಣಿಯ ಹುಡುಗಿಯೂ ಸೈಕಲ್ಲು ಕೊಳ್ಳುವಂತಾಗಿತ್ತು. 1949ರಲ್ಲಿ ಬ್ರಿಟನ್ನಿನ ಜನ ಸೈಕಲ್ಲಿನ ಮೇಲೆ ಸಾಗಿದ ದೂರ ಒಟ್ಟು ಸುಮಾರು 2,400 ಕೋಟಿ ಕಿಲೋಮೀಟರು. 1970ರ ದಶಕದ ಆರಂಭಕ್ಕೆ ಅದು ಐದನೆಯ ಒಂದು ಪಾಲಿಗಿಂತಲೂ ಕೆಳಗೆ ಇಳಿಯಿತು. ಮಳೆಗೆ ಹೆದರಿ ಜನ ಬಿಟ್ಟರೆಂದು ಹೇಳುವವರಿದ್ದಾರೆ, ನಾವು ಒಪ್ಪುವುದಿಲ್ಲ. ಮಳೆ 1879ರಲ್ಲೂ ಇತ್ತು, 1912ರಲ್ಲೂ ಇತ್ತು. ಪಕ್ಕದ ಹಾಲೆಂಡಿನಲ್ಲೂ ಅದೇ ಮೋಡ, ಅದೇ ತುಂತುರು. ಅಲ್ಲಿ ಜನ ಇಂದಿಗೂ ತುಳಿಯುತ್ತಿದ್ದಾರೆ. ಹೊಸದಾಗಿ ಬಂದದ್ದು ಮಳೆಯಲ್ಲ, ಸೂರಿನ ಕೆಳಗೆ ಕೂತು ಹೋಗುವ ಮೋಟಾರು. ಸೋಮವಾರದ ಮಳೆಯ ಭಯ ಅದರಿಂದ ಹೋಯಿತು. ಸೈಕಲ್ಲಿಗೆ ರಸ್ತೆಯಲ್ಲಿದ್ದ ಜಾಗವೂ ಹೋಯಿತು.

ಆ ಕೆಸರಿನ ಸೈಕಲ್ಲು ಇಷ್ಟರಲ್ಲಿ ನಮ್ಮ ದೇಶಕ್ಕೆ ಬಂದಾಗಿತ್ತು. ಮೊದಲು ಹಡಗಿನಲ್ಲಿ ಬಂದ ರ‍್ಯಾಲಿ, ಹಂಬರ್, ಬಿ.ಎಸ್.ಎ.ಗಳು, ಸ್ವಾತಂತ್ರ್ಯ ಬಂದ ಮೇಲೆ ಆಸನ್ಸೋಲಿನ ಸೆನ್-ರ‍್ಯಾಲಿ, ಮದರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಆರಂಭವಾದ ಟಿ.ಐ. ಸೈಕಲ್ಸ್. ನಮ್ಮ ತಂದೆಯವರು ಧಾರವಾಡ ಜಿಲ್ಲೆಯಿಂದ ಪುಣೆಗೆ ಕೆಲಸಕ್ಕೆ ಬಂದಾಗ ಸಾಲಮಾಡಿ ಕೊಂಡದ್ದು ಅಂಬತ್ತೂರಿನ ಹರ್ಕ್ಯುಲಿಸ್. ಪುಣೆ ಆಗ ಸೈಕಲ್ಲುಗಳ ಊರೆಂದೇ ಹೆಸರಾಗಿತ್ತು. ಪಾಳಿ ಬಿಟ್ಟಾಗ ರಸ್ತೆಯ ಅಗಲಕ್ಕೂ ಸೈಕಲ್ಲುಗಳೇ. ತಿಂಗಳಿಗೊಮ್ಮೆ ರವಿವಾರ ತಂದೆಯವರು ಚೈನ್‌ಕವರು ಬಿಚ್ಚಿ ಸರಪಳಿಯನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಪೆಡಲು ತಿರುಗಿಸುವುದು ನಮ್ಮ ಕೆಲಸ. ಇಷ್ಟು ದೊಡ್ಡ ಕವರು ಏತಕ್ಕೆಂದು ಕೇಳಿದ್ದಕ್ಕೆ, "ಧೋತರ ಸಿಗಬಾರದಂತ ಮಾಡ್ಯಾರ," ಎಂದಿದ್ದರು. ಅವರು ಧೋತರ ಉಡುವುದನ್ನು ಬಿಟ್ಟು ಅಷ್ಟರಲ್ಲಿ ಎಷ್ಟೋ ವರ್ಷಗಳಾಗಿದ್ದವು. ಮಳೆಯಲ್ಲಿ ಆ ಸೈಕಲ್ಲಿನ ಬ್ರೇಕು ಮಾತ್ರ ದೇವರ ಇಚ್ಛೆ. ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರಿನ ಗುಂಡಿಗೂ ಅದಕ್ಕೂ ನಡುವೆ ನೀರಿನ ಪೊರೆ ಕೂತು ಘರ್ಷಣೆಯೇ ಇರುವುದಿಲ್ಲ. ಮಳೆಯ ದೇಶದಲ್ಲಿ ಹುಟ್ಟಿದ ಯಂತ್ರಕ್ಕೆ ಇದೊಂದನ್ನು ಏಕೆ ಸರಿಮಾಡಲಿಲ್ಲವೋ!

ತಂದೆಯವರ ರಜೆಯೂ ವರ್ಷಕ್ಕೊಂದೇ ಸಲ, ನಾಗರಪಂಚಮಿಗೆ. ಶ್ರಾವಣವೆಂದ ಮೇಲೆ ಊರಲ್ಲಿ ಜಿಟಿಜಿಟಿ ಮಳೆ. ಮರಕ್ಕೆ ಕಟ್ಟಿದ ಜೋಕಾಲಿಯನ್ನು ಬಿಚ್ಚಿ ಪಡಸಾಲೆಯ ತೊಲೆಗೆ ಕಟ್ಟುತ್ತಿದ್ದರು. ಮಕ್ಕಳಾದ ನಾವು ಉಂಡಿ ತಿನ್ನುತ್ತ ಸರದಿಗೆ ಕಾಯುತ್ತಿದ್ದೆವು. ತಂದೆಯವರು ಕಟ್ಟೆಯ ಮೇಲೆ ಕೂತು ಹೊರಗೆ ನೋಡುತ್ತಿದ್ದುದಷ್ಟೇ ನೆನಪು. ಅವರಿಗೆ ಎಲ್ಲೆಲ್ಲಿ ಹೋಗುವುದಿತ್ತೋ, ಯಾರನ್ನು ನೋಡುವುದಿತ್ತೋ ನಾವು ಆಗ ಕೇಳಲಿಲ್ಲ.

ಬ್ರಿಟನ್ನಿನಲ್ಲಿ 1912ರ ನಂತರ ಅಷ್ಟು ಮಳೆಯ ಬೇಸಿಗೆ ಮತ್ತೆ ಬಂದದ್ದು ಸರಿಯಾಗಿ ನೂರು ವರ್ಷಕ್ಕೆ, 2012ರಲ್ಲಿ. ಆ ವರ್ಷವೇ ಜುಲೈ 22ರಂದು ಬ್ರ್ಯಾಡ್ಲಿ ವಿಗಿನ್ಸ್ ಟೂರ್ ದ ಫ್ರಾನ್ಸ್ ಗೆದ್ದ ಮೊದಲ ಬ್ರಿಟಿಷನಾದ. ಹತ್ತು ದಿನಗಳ ಮೇಲೆ ಲಂಡನ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ. ಅಂಗಡಿಗಳಲ್ಲಿ ಮತ್ತೆ ಸೈಕಲ್ಲಿನ ಮಾತು ಶುರುವಾಯಿತು. 2019ರ ವಿಶ್ವ ಚಾಂಪಿಯನ್‌ಷಿಪ್ಪು ಟೂರಿಂಗ್ ಕ್ಲಬ್ಬಿನ ಹುಟ್ಟೂರಾದ ಅದೇ ಹ್ಯಾರೊಗೇಟಿನಲ್ಲಿ ನಡೆಯಿತು. ಬೇಸಿಗೆ ಮುಗಿದ ಸೆಪ್ಟೆಂಬರಿನ ಕೊನೆ. ಮಳೆ ಎಷ್ಟು ಸುರಿಯಿತೆಂದರೆ ಗಂಡಸರ ಪಂದ್ಯದ ದೂರವನ್ನೇ ಕಡಿಮೆ ಮಾಡಬೇಕಾಯಿತು.

ನಮ್ಮ ಹುಡುಗಿಯ ಕಥೆ ಅರ್ಧಕ್ಕೆ ನಿಂತಿತ್ತು. 2023ರ ಆ ಜುಲೈಯಲ್ಲಿ, ರಜೆಯ ಕೊನೆಯ ದಿನ ಅವಳಿಗೆ ರೋಷ ಬಂತಂತೆ. ನೆನೆದರೆ ನೆನೆದೇನು ಎಂದು ಸೈಕಲ್ಲನ್ನು ರೈಲಿಗೆ ಹಾಕಿ ಬರ್ನ್‌ಲಿಯಲ್ಲಿ ಇಳಿದು ಪೆಂಡಲ್ ಬೆಟ್ಟದ ಕಡೆಗೆ ತುಳಿದಳು. ಅದು ರವಿವಾರ. ದಾರಿಯಲ್ಲಿ ಸಿಕ್ಕ ತಗಡಿನ ಸೂರಿನ ಮನೆಯೊಂದರ ಮುಂದೆ ಹತ್ತಾರು ಸೈಕಲ್ಲು ನಿಂತಿದ್ದವು. ಒಳಗೆ ಮುದುಕರು, ಹುಡುಗರು, ನೀರು ಸೋರುವ ಮಳೆಯಂಗಿಗಳು, ಮತ್ತು ಒಂದು ಪೈಂಟು ಹಿಡಿಯುವ ದೊಡ್ಡ ಮಗ್ಗುಗಳಲ್ಲಿ ಚಹ. "ಮಾಮಾ, ನಮ್ಮ ಮನ್ಯಾಗಿನ ತಂಬಿಗಿಯಷ್ಟು ಚಹಾ!" ಗೋಡೆಯ ಮೇಲೆ 1912 ಎಂದು ಬರೆದಿದ್ದುದನ್ನು ಓದಿ ಹೇಳಿದಳಾದರೂ ಅದೇನೆಂದು ಅವಳಿಗೆ ಗೊತ್ತಿರಲಿಲ್ಲ, ಆಗ ನಮಗೂ ಗೊತ್ತಿರಲಿಲ್ಲ. ಯಾರೋ ಒಬ್ಬ ಅಜ್ಜ ಅವಳ ಸೈಕಲ್ಲಿಗೆ ಮಡ್‌ಗಾರ್ಡು ಇಲ್ಲದ್ದನ್ನು ನೋಡಿ, ಬೆನ್ನ ಮೇಲೆ ಎದ್ದ ಕೆಸರಿನ ಗೆರೆಯನ್ನೂ ನೋಡಿ, ಮಾತಾಡದೆ ತಲೆ ಅಲ್ಲಾಡಿಸಿದರಂತೆ.

ಮಡ್‌ಗಾರ್ಡು ಹಾಕಿಸಿದಳು, ಕೇಪನ್ನೂ ಕೊಂಡಳು. 2024ರಲ್ಲಿ ರಜೆಯನ್ನು ಜೂನಿಗೇ ಬದಲಿಸಿಕೊಂಡಳು. ಆ ಬೇಸಿಗೆ 2015ರಿಂದ ಈಚೆಗಿನ ಅತ್ಯಂತ ತಂಪು ಬೇಸಿಗೆಯಾಯಿತು. 2025ರಲ್ಲಿ ಅವಳು ರಜೆಯನ್ನೆಲ್ಲ ಕೂಡಿಸಿಕೊಂಡು ಪಂಚಮಿಗೆಂದು ಧಾರವಾಡಕ್ಕೆ ಬಂದಳು. ನಾವೂ ಪುಣೆಯಿಂದ ಹೋಗಿದ್ದೆವು. ಬಂದ ದಿನದಿಂದ ಮಳೆ ಹಿಡಿದದ್ದು ಬಿಡಲಿಲ್ಲ. ಜೋಕಾಲಿಯನ್ನು ಪಡಸಾಲೆಗೆ ಕಟ್ಟಿದೆವು. ಅವಳು ಅದರ ಮೇಲೆ ಕೂತು ಒಂದು ಕಾಲಿನಿಂದ ಮೆಲ್ಲಗೆ ಜೀಕುತ್ತ ಮೊಬೈಲು ನೋಡುತ್ತಿದ್ದಳು. ಬ್ರಿಟನ್ನಿನಲ್ಲಿ ಅದು ದಾಖಲೆಯ ಬಿಸಿ ಬೇಸಿಗೆ. ಅವಳ ಸೈಕಲ್ಲು ಮ್ಯಾಂಚೆಸ್ಟರಿನ ಮನೆಯ ಮೆಟ್ಟಿಲ ಕೆಳಗೆ, ಹೊಸ ಮಡ್‌ಗಾರ್ಡುಗಳ ಸಮೇತ, ಒಣಗಿ ನಿಂತಿತ್ತು.